ಲೆಕ್ಕಕ್ಕಿಲ್ಲದ ತಲೆ

ಜೂನ್ 5, ಗುರುವಾರ

ಇವತ್ತು ಮಗಳು ನಿಖಿತಾ ನನ್ನ ಗುಪ್ತಚರ ಇಲಾಖೆಯನ್ನು ಪತ್ತೆ ಹಚ್ಚಿದಳು. ಅದೃಷ್ಟಕ್ಕೆ ಅರ್ಧವನ್ನು ಮಾತ್ರ.

ಇಲಾಖೆ ದೊಡ್ಡದೇನಲ್ಲ. ಖಾನಾಪುರ ರಸ್ತೆಯಲ್ಲಿ ಪ್ರಭುನಗರದ ಹತ್ತಿರ ಚಹಾದ ಅಂಗಡಿ ಇಟ್ಟಿರುವ ಭೀಮಕ್ಕ, ಮತ್ತು ಖಾನಾಪುರದಲ್ಲಿ ನಿಖಿತಾಳ ಕೃಷಿ ಕಚೇರಿಯ ಗುಮಾಸ್ತ ನಾಗಲಿಂಗ. ಮಗಳ ಸ್ಕೂಟಿ ಅಂಗಡಿ ದಾಟಿದರೆ ಭೀಮಕ್ಕನಿಂದ ಒಂದು ಮಿಸ್ಡ್ ಕಾಲ್. ಸ್ಕೂಟಿ ಕಚೇರಿಯ ಅಂಗಳದಲ್ಲಿ ನಿಂತರೆ ನಾಗಲಿಂಗನಿಂದ ಇನ್ನೊಂದು. ಎರಡೂ ಬಂದರೆ ನಾನು ನೆಮ್ಮದಿಯಾಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಒಂದು ತಡವಾದರೆ ಬೋರ್ಡಿನ ಮೇಲಿನ ಸಮೀಕರಣ ಅರ್ಧಕ್ಕೆ ನಿಲ್ಲುತ್ತದೆ. ಎರಡೂ ತಡವಾದರೆ ಮೊದಲು ಅವಳಿಗೆ ಫೋನ್, ಆಮೇಲೆ ಪೊಲೀಸ್ ಠಾಣೆಗೆ. ಠಾಣೆಯವರಿಗೆ ಈಗ ನನ್ನ ದನಿ ಗೊತ್ತು. ಇವತ್ತು ಯಾವ ಅಪಘಾತವೂ ಆಗಿಲ್ಲ ಸರ್ ಎಂದು ಹವಾಮಾನ ವರದಿಯ ಹಾಗೆ ಹೇಳಿ ಇಟ್ಟುಬಿಡುತ್ತಾರೆ.

ಇವತ್ತು ನಾಗಲಿಂಗ ಮರೆತ. ನಾನೇ ಕಚೇರಿಗೆ ಫೋನ್ ಮಾಡಿದೆ. ಅವಳು ಅಂಗಳದಲ್ಲಿ ರೈತರಿಗೆ ಭತ್ತದ ಬೀಜೋಪಚಾರ ತೋರಿಸುತ್ತಿದ್ದಳಂತೆ. ನಾಗಲಿಂಗ ಕಿಟಕಿಯಿಂದ ತಲೆ ಹಾಕಿ, ಮೇಡಂ ಜೀವಂತ ಇದ್ದಾರೋ ಇಲ್ಲವೋ ಎಂದು ಅಪ್ಪಾಜಿ ಕೇಳುತ್ತಿದ್ದಾರೆ ಎಂದು ಕೂಗಿದನಂತೆ. ರೈತರೆಲ್ಲ ನಕ್ಕರಂತೆ.

ಸಂಜೆ ಬೆಳಗಾವಿಯ ಸದಾಶಿವನಗರದ ಮನೆಗೆ ಬಂದವಳು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಒಂದು ಜೋಕಿನಲ್ಲಿ ಮುಗಿಸುತ್ತಿದ್ದೆ. ರೇನ್‌ಕೋಟು ಒಣಹಾಕಿ ಎದುರಿಗೆ ಕೂತು, ಕಾಡಿನಂಚಿನ ಜಾಂಬೋಟಿಯ ಕೃಷಿ ಕೇಂದ್ರದ ಹೊಣೆ ತನಗೆ ಕೊಡುತ್ತಿದ್ದಾರೆ ಎಂದಳು. ಮಳೆಗಾಲದಲ್ಲಿ ಆ ದಾರಿ ಯಾವಾಗ ಮುಚ್ಚುತ್ತದೆ ಹೇಳಲಾಗದು, ಅಲ್ಲೇ ರೂಮು ಮಾಡಿ ಇರಬೇಕು. ಜುಲೈ ಹತ್ತರೊಳಗೆ ಉತ್ತರ ಬರೆದು ಕೊಡಬೇಕು.

“ಇಲ್ಲಂತ ಬರದ್ ಕೊಡ್ತೀನಿ ಅಪ್ಪಾ.”

ಯಾಕೆಂದು ಕೇಳಿದೆ.

“ನಾ ಅಲ್ಲಿ ಇದ್ರ ನೀವು ಇಲ್ಲಿ ಇರೂದಿಲ್ಲ.”

ಹೋದ ವರ್ಷವೂ ಹೀಗೆಯೇ ಒಂದು ಅವಕಾಶ ಬಿಟ್ಟಳು. ಆಗ ಬೇರೆ ಕಾರಣ ಹೇಳಿದ್ದಳು. ನಾನು ನಂಬಿದ್ದೆ, ಅಥವಾ ನಂಬಿದರೆ ನನಗೆ ಅನುಕೂಲವಿತ್ತು. ಅವ್ವ ಒಳಗಿನಿಂದಲೇ, ಮಳೆಗಾಲದಲ್ಲಿ ಯಾರು ಕಾಡಿಗೆ ಹೋಗುತ್ತಾರೆ, ಇಲ್ಲವೆಂದದ್ದೇ ಬರೋಬರಿ ಎಂದಳು. ನನಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಜೂನ್ 9, ಸೋಮವಾರ

ಹೆಂಡತಿ ಗಿರಿಜಾ ತೀರಿಕೊಂಡಾಗಿನಿಂದ ಏಕಾಂತದಲ್ಲಿದ್ದೆ. ಇವತ್ತಿನಿಂದ ಅಯಸ್ಕಾಂತದಲ್ಲಿದ್ದೇನೆ.

ಮನೋವೈದ್ಯೆ ಪೂರ್ಣಿಮಾ ನನ್ನ ಹಳೆಯ ವಿದ್ಯಾರ್ಥಿನಿ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದರೆ ಕಾಂತಕ್ಷೇತ್ರ ಏರಿಳಿಯುತ್ತದೆ, ಅದರಿಂದ ಪಕ್ಕದ ವಾಹಕದಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಅವಳಿಗೆ ಕಲಿಸಿದವನು ನಾನೇ. ಪಕ್ಕದ ವಾಹಕ ನನ್ನ ತಲೆಯೇ ಆದೀತೆಂದು ಆಗ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ಹುಡುಗಿಗೆ ಇನ್ನಷ್ಟು ಅಂಕ ಕೊಟ್ಟಿರುತ್ತಿದ್ದೆ.

ಹಣೆಯ ಮೇಲ್ಗಡೆ ಬಲಕ್ಕೆ ಮಿದುಳಿನ ಒಂದು ಜಾಗ ಇದೆಯಂತೆ. ಗಾಬರಿಯ ಲಗಾಮು ಹಿಡಿಯುವ ಕೆಲಸದಲ್ಲಿ ಅದಕ್ಕೂ ಪಾಲಿದೆಯಂತೆ. ಹೊರಗಿನಿಂದ ಸುರುಳಿ ಇಟ್ಟು ಕಾಂತದ ಬಡಿತ ಕೊಡುತ್ತ ಹೋದರೆ ಗಾಬರಿ ಇಳಿಯುತ್ತದೆಯೇ ಎಂಬುದು ಅವಳ ಸಂಶೋಧನೆ, ಅದಕ್ಕೆ ನಾನೂ ಹೆಸರು ಕೊಟ್ಟಿದ್ದೇನೆ. ಸೇರಿದವರಲ್ಲಿ ಅರ್ಧ ಜನರಿಗೆ ಖರೇ ಸುರುಳಿ, ಅರ್ಧ ಜನರಿಗೆ ಬರೀ ಸಪ್ಪಳ ಮಾಡುವ ಹುಸಿ ಸುರುಳಿ. ಯಾರಿಗೆ ಯಾವುದು ಎಂದು ನಮಗೂ ಹೇಳುವುದಿಲ್ಲ, ಯಂತ್ರ ನಡೆಸುವ ಸುಯಶನಿಗೂ ಗೊತ್ತಿರುವುದಿಲ್ಲ. ನನಗಂತೂ ಗೊತ್ತು, ನನ್ನದು ಹುಸಿಯೇ. ಬಸ್ಸಿನಲ್ಲಿ ಎಂದೂ ಕಿಟಕಿಯ ಸೀಟು ಸಿಗದವನಿಗೆ ಇಲ್ಲಿ ಖರೇದು ಸಿಕ್ಕೀತೇ?

ಮೊದಲ ದಿನವೇ ತಕರಾರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು. ಉಂಗುರ, ಗಡಿಯಾರ, ಕನ್ನಡಕ ಹೋದವು. ಕೊನೆಗೆ ಉಳಿದದ್ದು ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗಿನ ಇಷ್ಟಲಿಂಗ. ನಮ್ಮಲ್ಲಿ ಲಿಂಗ ಮೈಮೇಲಿಂದ ಇಳಿಯುವುದಿಲ್ಲ, ಸ್ನಾನದಲ್ಲೂ ನಿದ್ದೆಯಲ್ಲೂ. ಕಾಲೇಜಿನಲ್ಲಿ ನಾನು ವಿಚಾರವಾದಿ ಎಂದೇ ಹೆಸರುವಾಸಿ. ಸುಯಶ ಪ್ಲಾಸ್ಟಿಕ್ಕಿನ ತಟ್ಟೆ ಮುಂದೆ ಹಿಡಿದಾಗ ವಿಚಾರವಾದಿಯ ಕೈ ಮಾತ್ರ ಅಲುಗಲಿಲ್ಲ.

ಹುಡುಗ ಒಳ್ಳೆಯವನು. “ಸರ್, ನಾವು ಜೈನರು, ನನಗ ತಿಳೀತದ್ರಿ. ಕರಡಿಗಿ ಅಷ್ಟ ಇಡ್ರಿ. ಲಿಂಗ ಕೈಯಾಗ ಇಟ್ಕೋರಿ. ಅದರಾಗ ಲೋಹ ಇಲ್ಲಲ್ರಿ?”

ಕಲ್ಲು ಮತ್ತು ಲೇಪ, ಲೋಹವಿಲ್ಲ ಎಂದೆ. ಹಾಗೆ ಒಪ್ಪಂದವಾಯಿತು.

ಮೊದಲು ಅಳತೆ. ತಲೆಯ ಬಲಕ್ಕೆ ಸುರುಳಿ ಇಟ್ಟು ಬಡಿದರೆ ಎಡಗೈಯ ಹೆಬ್ಬೆರಳು ತಾನಾಗಿ ಕುಣಿಯುತ್ತದೆ. ಎಷ್ಟು ಬಲಕ್ಕೆ ಕುಣಿಯಿತು ಎಂಬುದರ ಮೇಲೆ ಅವರವರ ತಲೆಗೆ ತಕ್ಕ ಪ್ರಮಾಣ ಗೊತ್ತುಮಾಡುತ್ತಾರೆ. ಅಳತೆಗೆ ಎಲ್ಲರಿಗೂ ಖರೇ ಸುರುಳಿಯೇ, ಆದ್ದರಿಂದ ಕುಣಿದದ್ದು ಯಾವುದಕ್ಕೂ ಸಾಕ್ಷಿಯಲ್ಲ. ಆ ಹೊತ್ತು ಲಿಂಗವನ್ನು ಬಲಗೈಯಲ್ಲಿ ಹಿಡಿದಿದ್ದೆ. ಅಳತೆ ಮುಗಿದ ಮೇಲೆ, ದಿನದ ಪೂಜೆಯಲ್ಲಿ ಹಿಡಿಯುವಂತೆ, ಎಡ ಅಂಗೈಗೆ ತಂದುಕೊಂಡೆ. ಮನೆಯಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ; ಇವತ್ತು ಹೆಬ್ಬೆರಳೂ ಅವರ ಪಕ್ಷ ಸೇರಿತು.

ಜೂನ್ 10, ಮಂಗಳವಾರ

ಟಕ್, ಟಕ್, ಟಕ್. ಮರಕುಟಿಗ ತಲೆಯ ಮೇಲೆ ಕೂತಂತೆ. ಮರವೆಂದು ಅದು ತಿಳಿದದ್ದರಲ್ಲಿ ತಪ್ಪೇನಿಲ್ಲ.

ನಾಗಲಿಂಗನಿಗೆ ಮಗಳು ನಿರ್ಬಂಧ ಹಾಕಿದ್ದಾಳೆ. ಭೀಮಕ್ಕನ ವಿಷಯ ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಭೀಮಕ್ಕ ತಡ ಮಾಡಿದಳು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಹುಡುಗರೆದುರಿಗೆ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಅವಳು ಚಹಾ ಸೋಸುತ್ತಿದ್ದಳಂತೆ.

ಜೂನ್ 17, ಮಂಗಳವಾರ

ಪ್ರತಿ ವಾರ ಪ್ರಶ್ನೆಪತ್ರಿಕೆ. ಕೆಟ್ಟದ್ದೇನೋ ಆಗಲಿದೆ ಎಂದು ಎಷ್ಟು ದಿನ ಅನಿಸಿತು? ದಿನವೂ. ಭಾನುವಾರ ರಜೆ ಎಂದು ಬರೆಯೋಣವೆಂದರೆ ಅದೂ ಸುಳ್ಳು. ಪೂರ್ಣಿಮಾ ಮೊತ್ತ ಹಾಕಿ ಹುಬ್ಬೇರಿಸಿದಳು. ಆತಂಕದಲ್ಲಿ ಅಂಕ ಇರುವುದೇ ಅದಕ್ಕೆ ಎಂದೆ. ಅವಳಿಗೆ ನಗು ಬಂತು. ಕಾಲೇಜಿನಲ್ಲಿ ನನ್ನ ಶ್ಲೇಷೆಗೆ ನಗುತ್ತಿದ್ದವರು ಅವಳು ಮತ್ತು ಹಾಜರಿ ಕಡಿಮೆ ಇದ್ದವರು.

ನನ್ನ ಪಾಳಿ ನಾಲ್ಕು ಗಂಟೆಗೆ. ಹೊತ್ತು ಮುಳುಗುವ ಮೊದಲೇ ಸುಯಶ ಮನೆ ಸೇರಿ ಊಟ ಮುಗಿಸಬೇಕು. ಬೆಳಗಾವಿಯ ಜೂನಿನಲ್ಲಿ ಹೊತ್ತು ಮೂಡಿದ್ದೂ ಕಾಣುವುದಿಲ್ಲ, ಮುಳುಗಿದ್ದೂ ಕಾಣುವುದಿಲ್ಲ. ಪಾಪ, ಮೊಬೈಲಿನಲ್ಲಿ ಸೂರ್ಯನನ್ನು ಹುಡುಕುತ್ತಾನೆ.

ಕುರ್ಚಿಯಲ್ಲಿ ನಿದ್ದೆ ಮಾಡುವಂತಿಲ್ಲ. ಎದುರಿನ ಗೋಡೆಯ ಮೇಲೆ ಮಿದುಳಿನ ಚಿತ್ರ, ಹೂಕೋಸಿನ ಹಾಗೆ. ಅದನ್ನು ನೋಡಲಾರದೆ ಅಂಗೈಯ ಲಿಂಗವನ್ನೇ ನೋಡುತ್ತ ಕೂರುತ್ತೇನೆ. ಮನೆಯಲ್ಲಿ ಪೂಜೆಗೆ ಕೂತರೆ ಒಂದು ಕಣ್ಣು ಲಿಂಗದ ಮೇಲೆ, ಇನ್ನೊಂದು ಫೋನಿನ ಮೇಲೆ. ಇಲ್ಲಿ ಫೋನು ಹೊರಗಿನ ಕಪಾಟಿನಲ್ಲಿ. ಎರಡೂ ಕಣ್ಣು ಒಂದೇ ಕಡೆ ಇಟ್ಟು ಕೂತು ಎಷ್ಟು ವರ್ಷವಾಗಿತ್ತೋ.

ಜೂನ್ 18, ಬುಧವಾರ

ಮಳೆ. ಹುಸಿ ಸುರುಳಿಯೇ, ಖಾತ್ರಿ.

ಜೂನ್ 24, ಮಂಗಳವಾರ

ಪ್ರಯೋಗಾಲಯದಲ್ಲಿ ತಾಮ್ರದ ತಂತಿ ಸುತ್ತಿ ಒಂದು ಪುಟ್ಟ ಸುರುಳಿ ಮಾಡಿ, ಅದಕ್ಕೆ ಕಾಳಿನಷ್ಟು ದೀಪ ಜೋಡಿಸಿದೆ. ಖರೇ ಸುರುಳಿಯ ಹತ್ತಿರ ಹಿಡಿದರೆ ದೀಪ ಮಿನುಗಬೇಕು, ಹುಸಿಯಾದರೆ ಇಲ್ಲ. ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲ ತನಕ ಹೋದವನು ಮನಸ್ಸು ಬದಲಿಸಿದೆ. ಜೀವನವಿಡೀ ನಕಲು ಹಿಡಿದವನು ಹಳೆಯ ವಿದ್ಯಾರ್ಥಿನಿಯ ಎದುರು ನಕಲು ಹೊಡೆಯಬಾರದು.

ಬೆಳಿಗ್ಗೆ ಬಿ.ಎಸ್‌ಸಿ.ಯ ಹುಡುಗಿಯೊಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು: ಕಾಂತಕ್ಷೇತ್ರ ತಲೆಬುರುಡೆಯನ್ನು ದಾಟುವಾಗ ಯಾಕೆ ತಡೆಯಾಗುವುದಿಲ್ಲ? ನನ್ನ ವಿಷಯ ಹೊರಗೆ ಸೋರಿದೆ ಎಂದುಕೊಂಡೆ, ಅವಳು ಪಾಪ ಪುಸ್ತಕದ್ದನ್ನೇ ಕೇಳಿದ್ದು. ಗಂಟೆ ಹೊಡೆದ ಮೇಲೂ ಹೇಳುತ್ತ ನಿಂತೆ. ಮುಂದಿನ ತರಗತಿಯವರು ಬಾಗಿಲಲ್ಲಿ ಕೆಮ್ಮಿದರು.

ಸ್ಟಾಫ್ ರೂಮಿಗೆ ಬಂದು ನೋಡಿದರೆ ಭೀಮಕ್ಕನ ಮಿಸ್ಡ್ ಕಾಲ್ ಯಾವಾಗಲೋ ಬಂದು ಹಳತಾಗಿತ್ತು. ನೋಡುವುದನ್ನೇ ಮರೆತಿದ್ದೆ. ವಯಸ್ಸು. ಈ ಮರೆವಿನ ವಿಷಯ ಪೂರ್ಣಿಮಾಳಿಗೆ ಹೇಳಬೇಕು. ಅಡ್ಡಪರಿಣಾಮ ಇದ್ದರೂ ಇರಬಹುದು. ಆದರೆ ಹುಸಿ ಸುರುಳಿಗೆ ಅಡ್ಡಪರಿಣಾಮ ಎಲ್ಲಿಂದ ಬರಬೇಕು?

ಜೂನ್ 30, ಸೋಮವಾರ

ನಿಖಿತಾ ಈಗ ವಾರದಲ್ಲಿ ಎರಡು ದಿನ ಜಾಂಬೋಟಿಗೆ ಹೋಗಿ ಬರುತ್ತಾಳೆ. ನಾಟಿ ಶುರುವಾಗಿದೆ. ಊಟಕ್ಕೆ ಕೂತಾಗ ಒಂದೇ ಸಮನೆ ಮಾತು: ಸಸಿಮಡಿ ಹಳದಿ ಬಿದ್ದದ್ದು ಯಾಕೆ, ಗದ್ದೆಯ ನೀರು ಎಲ್ಲಿ ಕಟ್ಟಬೇಕು, ಅವಳ ಮರಾಠಿ ಕೇಳಿ ನಾಟಿಯ ಹೆಂಗಸರು ಹೇಗೆ ನಕ್ಕರು, ನಕ್ಕ ಮೇಲೆ ಹೇಗೆ ತಿದ್ದಿದರು. ಮೊಣಕಾಲಿನ ತನಕ ಕೆಸರು ಒಣಗಿತ್ತು, ತೊಳೆಯದೆ ಊಟಕ್ಕೆ ಕೂತಿದ್ದಳು. ಅವ್ವ ಬೈದಳು. ನಾನು ಅವಳ ಮುಖ ನೋಡುತ್ತಿದ್ದೆ.

ಉತ್ತರ ಬರೆದೆಯಾ ಎಂದು ಕೇಳಿದೆ. ಇಲ್ಲವೆಂದೇ ಬರೆಯುವುದು, ಅದಕ್ಕೇನು ಅವಸರ ಎಂದಳು.  ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ಗಿರಿಜಾ ಗೋಕಾಕಿಗೆ ತೊಟ್ಟಿಲ ಕಾರ್ಯಕ್ಕೆಂದು ಬಸ್ಸು ಹತ್ತಿದ್ದಳು. ನಾನು ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟೆ. ಹುಷಾರು ಎಂದು ನಾನು ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ. ದಾರಿಯಲ್ಲಿ ಎದೆ ನಿಂತಿತು. ಕಂಡಕ್ಟರ್ ಅವಳ ಫೋನಿನಿಂದಲೇ ನನಗೆ ಮಾಡಿದ. ಅವಳ ಹೆಸರು ಬಂತೆಂದು ನಾನು ತಮಾಷೆಯ ಮಾತಿನಿಂದಲೇ ಎತ್ತಿದ್ದೆ.

ಇಷ್ಟೇ. ಇದನ್ನು ಎಲ್ಲಿಯೂ ಬರೆದಿರಲಿಲ್ಲ.

ಜುಲೈ 7, ಸೋಮವಾರ

ದೊಡ್ಡ ಎಡವಟ್ಟು. ಕ್ರಮವಾಗಿ ಬರೆಯುತ್ತೇನೆ.

ಸೋಮವಾರವಾದ್ದರಿಂದ ಹೆಬ್ಬೆರಳಿನ ಅಳತೆ ಮತ್ತೆ ನೋಡುವುದಿತ್ತು. ಅಳತೆಯ ಹೊತ್ತಿಗೆ ಲಿಂಗ ಬಲಗೈಯಲ್ಲಿರಬೇಕು. ಪ್ರತಿ ಸೋಮವಾರ ನಾನೇ ನೆನಪಿಟ್ಟು ಬದಲಿಸುತ್ತಿದ್ದೆ. ಇವತ್ತು ಕೂತ ತಕ್ಷಣ ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ನೆಟ್ಟು, ಹಾಯಾಗಿ ಕೂತುಬಿಟ್ಟೆ. ಸುಯಶನೂ ಪರದೆ ನೋಡುತ್ತಿದ್ದ. ಸುರುಳಿ ಟಕ್ ಎಂದಿತು. ಹೆಬ್ಬೆರಳಷ್ಟೇ ಅಲ್ಲ, ಇಡೀ ಅಂಗೈ ಜಿಗಿಯಿತು. ಲಿಂಗ ಕೈಯಿಂದ ಹಾರಿ ನೆಲಕ್ಕೆ ಬಿದ್ದು ಯಂತ್ರದ ಗಾಡಿಯ ಕೆಳಗೆ ಉರುಳಿತು.

ಸುಯಶನ ಮುಖ ಬಿಳಿಚಿತು. ಗಾಡಿ ಸರಿಸಿದ, ಆದರೆ ಮುಟ್ಟಲಿಲ್ಲ. “ನೀವ ತಗೋರಿ ಸರ್.” ನಾನು ಬಗ್ಗಿ ತೆಗೆದುಕೊಂಡೆ. ಮೇಲಿನ ಕಪ್ಪು ಲೇಪದಲ್ಲಿ ಕೂದಲೆಳೆಯಂಥ ಬಿರುಕು. ಕಣ್ಣಿಗೊತ್ತಿಕೊಂಡು ವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. 

“ಇವತ್ತ ನಿಲ್ಲಸೂಣೇನ್ರಿ ಸರ್?”

“ಬ್ಯಾಡ, ಮಾಡೂಣು. ಕುಂದರು, ಒಂದೀಟ ನೀರ ಕುಡಿ. ನಿನಗ ಊಟಕ್ಕ ಹೊತ್ತಾಗ್ತದ.”

ಮಾಡಿ ಮುಗಿಸಿದೆವು.

ಮನೆಗೆ ಬಂದು ಅವ್ವನಿಗೆ ಹೇಳದಿರಲು ಆಗಲಿಲ್ಲ, ಬರಿಯ ಕರಡಿಗೆ ಅವಳ ಕಣ್ಣಿಗೆ ಬಿತ್ತು. ಬಿರುಕು ನೋಡಿದವಳು ದೇವರ ಜಗಲಿಯ ಮುಂದೆ ಕೂತು, ಮಠದ ಅಯ್ಯನವರು ಬಂದು ನೋಡುವ ತನಕ ನೀರೂ ಕುಡಿಯುವುದಿಲ್ಲ ಎಂದಳು. ಆಮೇಲೆ ನಿಕ್ಕಿ ಎಲ್ಲಿ ಎಂದು ಕೇಳಿದಳು. ನಿಖಿತಾ ಬೆಳಿಗ್ಗೆಯೇ ಜಾಂಬೋಟಿಗೆ ಹೋಗಿದ್ದಳು. ಫೋನ್ ಮಾಡಿದೆ. ಸಂಪರ್ಕ ವ್ಯಾಪ್ತಿಯ ಹೊರಗೆ.

“ಲಿಂಗ ಬಿತ್ತು. ಹುಡುಗಿ ಫೋನ್ ಹತ್ತವಲ್ದು. ತಿಳೀವಲ್ದೇನೋ ಗೌರ್ಯಾ ನಿನಗ?” ಅವ್ವ ಅಳತೊಡಗಿದಳು.

“ಅವ್ವಾ, ಲಿಂಗ ಬಿದ್ದದ್ದು ನನ್ನ ಹೆಬ್ಬಟ್ಟಿನಿಂದ. ಫೋನ್ ಬಿದ್ದದ್ದು ಜಾಂಬೋಟಿ ಮಳಿಯಿಂದ. ಇವೆರಡಕ್ಕ ಮಾತುಕತಿ ಇಲ್ಲ. ಹಳ್ಳ ತುಂಬಿದ್ರ ಅಲ್ಲೇ ಯಾರ ಮನ್ಯಾಗರ ಇರ್ತಾಳ. ಹಂಗ ಹೇಳೇ ಹೋಗ್ಯಾಳ.”

ಅವಳ ಪಕ್ಕದಲ್ಲಿ ಕೂತೆ. ಬೆನ್ನು ಸವರಿದೆ. ಆಮೇಲೆ ಕೊಡೆ ಹಿಡಿದು ಹೋಗಿ ಅಯ್ಯನವರನ್ನು ಕರೆತಂದೆ. ಅವರು ಲಿಂಗವನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡಿ, ಒಳಗೆ ಏನೂ ಆಗಿಲ್ಲ, ಲೇಪವಷ್ಟೇ ಸೀಳಿದೆ, ಮಠದಲ್ಲಿ ಹೊಸ ಲೇಪ ಹಾಕಿಸಿ ಪೂಜೆ ಮಾಡಿಸಿದರೆ ಮುಗಿಯಿತು, ಅಲ್ಲಿಯ ತನಕ ವಸ್ತ್ರದಲ್ಲೇ ಕಟ್ಟಿಕೊಳ್ಳಿ ಎಂದರು. ಬಿದ್ದದ್ದು ಹೇಗೆಂದು ಕೇಳಿದರು. ತಲೆಗೆ ಕಾಂತ ಹಿಡಿದರೆ ಕೈ ಕುಣಿಯುತ್ತದೆ ಎಂದು ವಿವರಿಸಿದೆ. ಹಣೆಯ ವಿಭೂತಿ ಸರಿಮಾಡಿಕೊಂಡು, ನನ್ನ ಮಂಡಿನೋವಿಗೂ ಆದೀತೇನ್ರಿ ಎಂದರು. ಅವ್ವನಿಗೆ ಅಷ್ಟರಲ್ಲಿ ನಗು ಬಂತು. ಅರ್ಧ ರೊಟ್ಟಿ ತಿಂದು ಮಲಗಿದಳು.

ಇದನ್ನು ಬರೆಯುವಾಗ ಹೊಳೆಯಿತು: ನಿಖಿತಾಳಿಗೆ ಎರಡನೆಯ ಸಲ ಫೋನ್ ಮಾಡಲಿಲ್ಲ. ಭೀಮಕ್ಕನಿಗೂ ಇಲ್ಲ. ಅವ್ವನ ಗದ್ದಲದಲ್ಲಿ ತಲೆಗೇ ಬರಲಿಲ್ಲ. ಹೇಗೂ ಅಲ್ಲಿ ಟವರ್ ಇಲ್ಲ. ಬೆಳಿಗ್ಗೆ ಮಾಡಿದರಾಯಿತು.

ಜುಲೈ 8, ಮಂಗಳವಾರ

ಬೆಳಿಗ್ಗೆ ಅವ್ವನಿಗೆ ಅವಲಕ್ಕಿ ತೋಯಿಸುತ್ತಿದ್ದೆ. ಗೇಟಿನಲ್ಲಿ ಹಾಲಿನ ಗಾಡಿ ನಿಂತಿತು. ಅದರಿಂದ ನಿಖಿತಾ ಇಳಿದಳು, ತಲೆಯಿಂದ ಕಾಲಿನ ತನಕ ತೊಯ್ದು ತೊಪ್ಪೆ. ಚಪ್ಪಲಿ ಬಿಡದೆ ಅಡುಗೆಮನೆಗೇ ಓಡಿ ಬಂದಳು. ನನ್ನನ್ನು ನೋಡಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಆರಾಮ ಅದೀರಿ?”

ಆರಾಮ ಇದ್ದೇನೆ, ಅವಲಕ್ಕಿ ತಿನ್ನುತ್ತೀಯಾ ಎಂದೆ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ನಿನ್ನೆ ಹಳ್ಳ ತುಂಬಿ ಅಕ್ಕಾತಾಯಿ ಎಂಬವರ ಮನೆಯಲ್ಲಿ ಉಳಿದಿದ್ದಳಂತೆ. ಬೆಳಗಾಗುವ ಹೊತ್ತಿಗೆ ಟವರ್ ಬಂತಂತೆ. ನಲವತ್ತೋ ಐವತ್ತೋ ಮಿಸ್ಡ್ ಕಾಲ್ ಇರುತ್ತವೆ, ಠಾಣೆಯಿಂದಲೂ ಒಂದು ಇರುತ್ತದೆ ಎಂದುಕೊಂಡು ತೆರೆದಳಂತೆ.

“ಒಂದ ಇತ್ತು ಅಪ್ಪಾ. ಒಂದ. ತಿರಿಗಿ ಮಾಡಿದ್ರ ನಿಮ್ಮ ಫೋನ್ ಬಂದ್. ಭೀಮಕ್ಕಗ ಮಾಡಿದೆ, ಸರ್‌ದು ಫೋನ್ ಬಂದಿಲ್ಲ ಅಂದ್ಳು. ನೀವು ಹೋಗೇಬಿಟ್ರಿ ಅಂತ ತಿಳ್ಕೊಂಡೆ.”

ಭೀಮಕ್ಕ ನಿನಗೆ ಹೇಗೆ ಗೊತ್ತು ಎಂದೆ. ಮೊದಲಿನಿಂದಲೂ ಗೊತ್ತಂತೆ. ದಿನಾ ಅಂಗಡಿಯ ಮುಂದೆ ತಾನೇ ಹಾರ್ನ್ ಹೊಡೆಯುತ್ತಿದ್ದಳಂತೆ, ಭೀಮಕ್ಕನಿಗೆ ತಪ್ಪಬಾರದೆಂದು.

ನನ್ನ ಫೋನು ಹುಡುಕಿದೆ. ಕಾಲೇಜಿನ ಚೀಲದಲ್ಲೇ ಚಾರ್ಜಿಲ್ಲದೆ ಸತ್ತಿತ್ತು. ಯಾವಾಗ ಸತ್ತಿತೋ.

ಅವಳು ಅತ್ತಳು. ಅವಳು ಅತ್ತದ್ದನ್ನು ಗಿರಿಜಾಳ ದಿನದ ನಂತರ ನಾನು ನೋಡಿರಲಿಲ್ಲ. ಅವ್ವ ಬಂದು, ಹುಡುಗಿಗೆ ಮೊದಲು ಟವೆಲ್ ಕೊಡೋ ಎಂದು ನನ್ನನ್ನು ಬೈದಳು.

ಜುಲೈ 9, ಬುಧವಾರ

ಸುಯಶ ಪ್ರಾಮಾಣಿಕ, ನಡೆದದ್ದನ್ನು ವರದಿ ಮಾಡಿದ್ದಾನೆ. ಪೂರ್ಣಿಮಾ ಕರೆಸಿದಳು. ಮೊದಲು ಕೈಮುಗಿದು ಕ್ಷಮೆ ಕೇಳಿದಳು. ಆಮೇಲೆ, ಪ್ರತಿ ದಿನವೂ ಲಿಂಗ ಹಿಡಿದು ಅದನ್ನೇ ನೋಡುತ್ತಿದ್ದಿರಾ ಎಂದು ಕೇಳಿದಳು. ಹೌದು, ಬೇರೆ ಏನು ನೋಡಲಿ, ನಿಮ್ಮ ಹೂಕೋಸನ್ನೇ? ಅವಳು ತಲೆ ಹಿಡಿದುಕೊಂಡಳು. ಉಳಿದವರೆಲ್ಲ ಜಪ, ಧ್ಯಾನ, ಫೋನು ಏನೂ ಇಲ್ಲದೆ ಸುಮ್ಮನೆ ಕೂತಿದ್ದಾರೆ. ನನ್ನ ಗಾಬರಿ ಇಳಿದಿದ್ದರೆ ಸುರುಳಿಯಿಂದಲೋ ಲಿಂಗದಿಂದಲೋ ಹೇಗೆ ಬೇರೆ ಮಾಡುವುದು?

“ಸರ್, ನಿಮ್ಮನ್ನ ಲೆಕ್ಕದಿಂದ ತಗೀಬೇಕಾಗ್ತದ್ರಿ.”

ಸರಿಯಾಗಿದೆ ಎಂದೆ. ಎರಡು ಅಂಶ ಒಟ್ಟಿಗೆ ಬದಲಾದ ಪ್ರಯೋಗಕ್ಕೆ ಅಂಕ ಕೊಡಬಾರದೆಂದು ಅವಳಿಗೆ ಕಲಿಸಿದವನೂ ನಾನೇ. ಉಳಿದ ದಿನಗಳ ಚಿಕಿತ್ಸೆ ಬೇಕಾದರೆ ಮುಗಿಸಿಕೊಳ್ಳಿ, ಸುರುಳಿ ಯಾವುದೆಂದು ಎಲ್ಲರ ಅಧ್ಯಯನ ಮುಗಿದ ಮೇಲೆ ತಿಳಿಸುತ್ತೇನೆ ಎಂದಳು. ಮರೆವಿನ ತೊಂದರೆ ಹೇಳಿದೆ: ಫೋನು ನೋಡಲು ಮರೆಯುತ್ತದೆ, ಚಾರ್ಜು ಮಾಡಲು ಮರೆಯುತ್ತದೆ. ಅವಳು ಬರೆದುಕೊಳ್ಳಲಿಲ್ಲ. ನಕ್ಕಳು. ಡಾಕ್ಟರುಗಳಿಗೆ ರೋಗಿಯ ಕಷ್ಟ ತಿಳಿಯುವುದಿಲ್ಲ.

ಜುಲೈ 10, ಗುರುವಾರ

ಬೆಳಿಗ್ಗೆ ನಿಖಿತಾ ಉತ್ತರ ಬರೆಯಲು ಕೂತಳು. ಪೆನ್ನು ಓಡುತ್ತಿರಲಿಲ್ಲ. ನಾನು ಎದುರಿಗೆ ಕೂತೆ.

“ಹೋಗ್ತೀನಂತ ಬರಿ.”

ಅವಳು ನನ್ನನ್ನೇ ನೋಡಿದಳು. “ಚಾಷ್ಟಿ ಮಾಡಬ್ಯಾಡ್ರಿ ಅಪ್ಪಾ.”

“ಚಾಷ್ಟಿ ಅಲ್ಲ. ನೀ ಕೆಸರ ಕಾಲಾಗ ಬಂದ ದಿನ ನಿನ್ನ ಮಾರಿ ನೋಡೀನಿ. ಬರಿ.”

“ನಿಮಗ ಹೆದರಿಕಿ ಆಗೂದಿಲ್ಲ?”

“ಆಗ್ತದ. ಆಗಲಿ. ಅದು ನಂದು, ನಿಂದಲ್ಲ.”

ಅವ್ವ ಒಳಗಿನಿಂದ ಬಂದು, ಲಿಂಗ ಬಿದ್ದ ವಾರದಲ್ಲೇ ಹುಡುಗಿಯನ್ನು ಕಾಡಿಗೆ ಕಳಿಸುತ್ತೀಯಲ್ಲ, ತಲೆಗೆ ಕಾಂತ ಹಿಡಿದು ಬುದ್ಧಿಯನ್ನೂ ಎಳೆದುಕೊಂಡರೇನು ಎಂದಳು. ಕುಚೋದ್ಯ ನಮ್ಮ ಮನೆತನದ್ದು, ನನ್ನೊಬ್ಬನದಲ್ಲ.  ಮೇಜಿನ ಕೆಳಗೆ ನನ್ನ ಕೈ ನಡುಗುತ್ತಿತ್ತು, ಎರಡೂ ಕೈ. ಯಾವ ಸುರುಳಿಯೂ ಇರಲಿಲ್ಲ. ತೊಡೆಯ ಕೆಳಗಿಟ್ಟು ಕೂತೆ. ಅವಳು ಬರೆದಳು.

ಜುಲೈ 20, ಭಾನುವಾರ

ಜಾಂಬೋಟಿಗೆ ನಮ್ಮ ಹಳೆಯ ಕಾರಿನಲ್ಲಿ ಹೋದೆವು. ಹಾಸಿಗೆ, ಗ್ಯಾಸ್ ಒಲೆ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ. ಕಿಣಯೆ ಊರು ದಾಟಿದ ಮೇಲೆ ಮಂಜು, ಎದುರಿನ ಗಾಡಿ ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು. ನಿಖಿತಾ ಅಕ್ಕಾತಾಯಿಯವರ ಮನೆಯ ಹಿಂಭಾಗದ ಕೋಣೆ ಹಿಡಿದಿದ್ದಾಳೆ. ಗೋಡೆ ತೇವ, ಆದರೆ ಬಾಗಿಲು ಗಟ್ಟಿ. ಬಾಗಿಲನ್ನು ನಾನು ತೆಗೆದು, ಮುಚ್ಚಿ ನೋಡಿದೆ. ಚಿಲಕವನ್ನೂ. ಅಕ್ಕಾತಾಯಿ ನೋಡುತ್ತ ನಿಂತಿದ್ದರು. “ಮುಲಗೀನ, ಈ ಹುಡುಗೀನ, ನಮ್ಮ ಮಗಳಂಗ ನೋಡ್ತೀನ್ರಿ ಸರ್, ಚಿಲಕ ಮುರೀಬ್ಯಾಡ್ರಿ” ಎಂದರು.

ಹೊರಡುವ ಹೊತ್ತಿಗೆ ನಿಖಿತಾ ಕಾರಿನ ಕಿಟಕಿ ಬಿಡಲೊಲ್ಲಳು. ಇವತ್ತೊಂದು ದಿನ ಇರಿ ಎಂದಳು. ನಾಳೆ ಪ್ರಯೋಗ ತರಗತಿ ಇದೆ ಎಂದೆ. ಹುಷಾರು ಎಂದೆ, ಒಂದೇ ಸಲ.

ಕಾಡಿನ ತಿರುವಿನಲ್ಲಿ ಅದು ಬಂತು. ಹಳೆಯದೇ. ಎದೆ, ಬೆವರು, ಕಣ್ಣಿನ ಅಂಚಿನಲ್ಲಿ ಕತ್ತಲೆ, ತಿರುಗಿ ಹೋಗು ತಿರುಗಿ ಹೋಗು ಎಂಬ ಮಾತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಒರೆಸುಕಡ್ಡಿಗಳು ಗಾಜಿನ ಮೇಲೆ ಆಡುತ್ತಿದ್ದವು, ನೋಡುತ್ತ ಕೂತೆ. ಫೋನು ಪಕ್ಕದ ಸೀಟಿನಲ್ಲೇ ಇತ್ತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಉಸಿರು ತಾನಾಗಿ ಸಾಲಿಗೆ ಬಂತು. ಕಾರು ಚಾಲು ಮಾಡಿದೆ.

ಬಾಗಿಲಲ್ಲೇ ಅವ್ವ ಕೇಳಿದಳು, “ಮುಟ್ಟಿದ್ನಿ ಅಂತ ನಿಕ್ಕಿ ಫೋನ್ ಮಾಡಿದ್ಳೇನು?”

“ಅಕಿ ಅಲ್ಲೇ ಅದಾಳವಾ. ಮುಟ್ಟಬೇಕಾದಾಂವ ನಾನು.”

ಅಂದ ಮೇಲೆ ತಿಳಿಯಿತು, ನಿಖಿತಾಳಿಗೆ ಹೇಳಿಲ್ಲ ಎಂದು. ‘ಮನಿ ಮುಟ್ಟಿದೆ’ ಎಂದು ಬರೆದು ಕಳಿಸಿದೆ. ಫೋನು ಮೇಜಿನ ಮೇಲೆ ಇಡುವ ಮೊದಲೇ ಉತ್ತರ ಬಂತು: ‘ಇಷ್ಟ್ಯಾಕ ತಡಾ ಆತು?’

‘ಮಂಜಿಗೂ ನನಗೂ ಮುಸುಕಿನ ಗುದ್ದಾಟ’ ಎಂದು ಬರೆದೆ. ಅದನ್ನು ಅಳಿಸಿದೆ. ‘ದಾರ್ಯಾಗ ಹೆದರಿಕಿ ಬಂತು. ನಿಂತಿದ್ದೆ. ಹೋತು. ಬಂದೆ’ ಎಂದು ಬರೆದೆ.

ಒದ್ದೆ ಕೊಡೆ ಬಿಡಿಸಿ ಒಣಗಲಿಟ್ಟೆ.

ಆಮೇಲೆ ಬಂತು: ‘ನನಗೂ ಬಂದದ. ಕುಂತೀನಿ. ನೀವು ಊಟಾ ಮಾಡ್ರಿ.’

ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತೆ.